ನಿಘಂಟು ಸಾಹೇಬರು ನುಂಗಿಕೊಂಡ ಪದ

"ಇನ್ನೊಂದ್ಸಲ ಹೇಳಮ್ಮ. ಆ ಬಾಗಿಲ ಹತ್ರ ನಿನಗೆ ಕೇಳಿಸಿದ್ದು ಏನು?"

ಕೇಳುವವಳಿಗೂ ಸಾಕಾಗಿತ್ತು, ಹೇಳುವವಳಿಗೂ ಸಾಕಾಗಿತ್ತು. ಇನ್ಸ್‌ಪೆಕ್ಟರಮ್ಮ ಖಾಲಿ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಬೂಟಿನೊಳಗೆ ಪಾದಗಳು ಊದಿ, ಇನ್ನು ಬಿಚ್ಚಿದರೆ ಮತ್ತೆ ಹಾಕಿಕೊಳ್ಳಲಾಗದು ಎನ್ನುವ ಸ್ಥಿತಿಗೆ ಬಂದಿದ್ದವು. ಎದುರಿಗೆ ಗುಡಿಸುವಾಕೆ, ಹಿಂಡಿ ಹಿಂಡಿ ಒಂದು ಹನಿ ನೀರೂ ಉಳಿಯದ ಒರೆಸುಬಟ್ಟೆಯನ್ನು ಮತ್ತೆ ಹಿಂಡುತ್ತಿದ್ದಳು.

ಮೊನ್ನೆ ಬೆಳಿಗ್ಗೆ ಇದೇ ಕೋಲ್ಡ್ ಸ್ಟೋರೇಜಿನ ಹಿಂದಿನ ಕೋಣೆಯಲ್ಲಿ, ಹೊರಗಿನಿಂದ ಚಿಲಕ ಬಿದ್ದ ಬಾಗಿಲ ಹಿಂದೆ, ಸುರಕ್ಷತಾ ಇಲಾಖೆಯ ಎಳೆಯ ತಪಾಸಣಾಧಿಕಾರಿ ಮರಗಟ್ಟಿ ಸತ್ತು ಬಿದ್ದಿದ್ದ. ಅದಕ್ಕೆ ಇಲ್ಲಿನ ಮೆಷಿನ್ ನೋಡಿಕೊಳ್ಳುವವನು ಲಾಕಪ್ಪಿನಲ್ಲಿದ್ದ.

"ಅದೇ ಅಕ್ಕ. ಸಂಹಾರ ಅಂತ ಕೇಳಿಸ್ತು."

"ಸಂಹಾರ ಮಾಡ್ತೀನಿ ಅಂತಲಾ?"

"ಮಾಡ್ತೀನಿ ಅಂತ ನೀವೇ ಸೇರಿಸ್ಕೊಂಡ್ರಿ. ನಾನು ಅಂದಿದ್ದು ಸಂಹಾರ ಅಂತ ಮಾತ್ರ. ಗಂಡು ದನಿ. ಸಭೇಲಿ ನಿಂತು ಮಾತಾಡೋ ಹಾಗೆ ಜೋರಾಗಿ ಅಂದ್ರು. ಓಡಿದೆ."

"ಒಳಗಿದ್ದ ಸಾಹೇಬರ ದನಿನಾ?"

"ಅಯ್ಯೋ, ಅವರದು ಮೆತ್ತಗಿನ ದನಿ. ನೆಗಡಿಯಾದೋರ ಥರ."

ಇನ್ಸ್‌ಪೆಕ್ಟರಮ್ಮ ಕಣ್ಣುಜ್ಜಿಕೊಂಡಳು. "ಅಂದ್ರು, ಅಂದ್ರು ಅಂತೀಯಲ್ಲ. ಮೆಷಿನ್‌ನೋನು ಅಂದಿದ್ರೂ ಹೀಗೇ ಹೇಳ್ತಿದ್ಯಾ?"

"ಅವನಿಗ್ಯಾಕೆ ಬಹುವಚನ ಹಾಕ್ಲಿ?" ಎಂದಳು ಆಕೆ, ಥಟ್ಟನೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡವಳಂತೆ ಬಟ್ಟೆಯನ್ನು ಬಕೀಟಿಗೆ ಎಸೆದು, ಅದನ್ನೇ ನೋಡುತ್ತ ನಿಂತಳು.

ಇನ್ಸ್‌ಪೆಕ್ಟರಮ್ಮನ ಗಂಟಲಿಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದ್ದು ಇದೇ ಪದ. ಮೆಷಿನ್‌ನವನನ್ನು ಅವಳು ಎರಡು ದಿನ ಎದುರಿಗೆ ಕೂರಿಸಿಕೊಂಡಿದ್ದಳು. ಕೊಲ್ತೀನಿ, ಮುಗಿಸ್ತೀನಿ, ಹುಟ್ಟಲಿಲ್ಲ ಅನ್ನಿಸ್ತೀನಿ - ಅವನ ಬಾಯಲ್ಲಿ ಇಷ್ಟೂ ಬರುತ್ತಿತ್ತು. ಹೇಳಿಕೆ ಬರೆದುಕೊಳ್ಳುವ ಪೇದೆ ಎಷ್ಟೋ ಮಾತಿಗೆ ಪೆನ್ನೆತ್ತಿ ಸುಮ್ಮನಾಗಿದ್ದ. ಹೆಣ ಸಿಕ್ಕಿದ ಹಿಂದಿನ ದಿನ ಮಧ್ಯಾಹ್ನ ಅವನು ತಪಾಸಣಾಧಿಕಾರಿಯ ಕೊರಳಪಟ್ಟಿಗೆ ಕೈ ಹಾಕಿದ್ದೂ ನಿಜ, "ನನ್ನ ಲೈಸೆನ್ಸ್ ತೆಗೆಸ್ತೀನಿ ಅಂದ, ಬಿಡ್ತೀನಾ?" ಎಂದು ತಾನೇ ಒಪ್ಪಿಕೊಂಡಿದ್ದ. ಆದರೆ ಸಂಹಾರ? ಅದು ಗದೆ ಹೊತ್ತು ರಂಗಕ್ಕೆ ಬರುವವರ ಮಾತು. ಗ್ರೀಸು ಮೆತ್ತಿದ ಕೈಯವನು ಸಿಟ್ಟಿನಲ್ಲಿ ಆಡುವ ಮಾತಲ್ಲ.

ಪತ್ರಿಕೆಯವರಿಗೆ ಅದೆಲ್ಲ ಬೇಕಾಗಿರಲಿಲ್ಲ. 'ಸಂಹಾರ ಮಾಡುವೆ ಎಂದು ಅಬ್ಬರಿಸಿದ' ಅಂತ ಮೊದಲ ಪುಟದಲ್ಲೇ ಹಾಕಿ ಕೈತೊಳೆದುಕೊಂಡಿದ್ದರು.

ಅವಳು ಎದ್ದಳು. ಮಂಡಿ ಲಟಕ್ಕೆಂದಿತು.

ಹೊರಗೆ ಜೀಪಿನ ಪಕ್ಕ ದಫೇದಾರ ಒಂದು ಲಕೋಟೆ ಹಿಡಿದುಕೊಂಡು, ಕೊಡಲೋ ಬೇಡವೋ ಎನ್ನುವ ಮುಖ ಮಾಡಿಕೊಂಡು ನಿಂತಿದ್ದ. ಇಬ್ಬರೂ ಒಂದೇ ಠಾಣೆಯಲ್ಲಿ ಹಣ್ಣಾದವರು. ಅವನ ಮುಖ ನೋಡಿದರೆ ಅವಳಿಗೆ ಒಳಗಿನ ಕಾಗದ ಓದಬೇಕಾಗಿರಲಿಲ್ಲ.

"ನನ್ನ ರಜೆನಾ?"

"ಹೌದು ಮೇಡಂ. ಮೇಲಿನೋರಿಂದ ಬಂದಿದೆ."

"ನೀನೇ ಓದು. ಕನ್ನಡಕ ಎಲ್ಲಿಟ್ಟೆನೋ."

ಮಗಳ ಹೆರಿಗೆಗೆಂದು ಕೇಳಿಕೊಂಡ ರಜೆ. ಕಾಡಿ ಬೇಡಿ ಮಂಜೂರು ಮಾಡಿಸಿಕೊಂಡಿದ್ದಳು. ಮಗಳು ದೂರದ ಊರಲ್ಲಿ ಹೊಟ್ಟೆ ಹಿಡಿದುಕೊಂಡು ದಿನ ಎಣಿಸುತ್ತಿದ್ದಳು. ಈ ಸಾವು ಬಂದು ವಕ್ಕರಿಸದಿದ್ದರೆ ಇಷ್ಟು ಹೊತ್ತಿಗೆ ಅವಳು ಬಾಣಂತಿಕೋಣೆ ತೊಳೆಸುತ್ತ, ಅಳಿಯನಿಗೆ ಗದರುತ್ತ ಇರಬೇಕಿತ್ತು.

ದಫೇದಾರ ಕಾಗದ ದೂರ ಹಿಡಿದು ಓದತೊಡಗಿದ. "ಸದರಿ ಅಧಿಕಾರಿಗೆ ಮಂಜೂರು ಮಾಡಲಾಗಿದ್ದ ಗಳಿಕೆ ರಜೆಯ ಅನುಮತಿಯನ್ನು, ಆಡಳಿತಾತ್ಮಕ ಕಾರಣಗಳಿಂದ, ಈ ಮೂಲಕ ಪ್ರತಿ... ಪ್ರತಿಸಂ... ಥೂ, ಇದೇನು ಮೇಡಂ, ಬಾಯಿ ಹೊರಳ್ತಿಲ್ಲ. ಪ್ರತಿ, ಸಂಹ, ರಿಸ, ಲಾಗಿದೆ. ಇವರೇನು ನಿಮ್ಮ ರಜೆನ ಸಂಹಾರ ಮಾಡಿದಾರಾ?"

ನಗಲೆಂದೇ ಹೇಳಿದ್ದು. ಅವಳು ನಗಲಿಲ್ಲ.

"ಇನ್ನೊಂದ್ಸಲ ಓದು."

"ಪ್ರತಿಸಂಹರಿಸಲಾಗಿದೆ. ಅಂದ್ರೆ ರದ್ದು ಅಂತ ತಾನೇ? ರದ್ದು ಅಂತ ಬರೆದ್ರೆ ಇವರ ಗಂಟೇನು ಹೋಗ್ತಿತ್ತು?"

"ಕೊಟ್ಟ ಅನುಮತಿನ ವಾಪಸ್ ತಗೊಂಡ್ರೆ ಹಾಗೆ ಬರೀತಾರೆ," ಎಂದಳು ಅವಳು ನಿಧಾನಕ್ಕೆ. ಬಂದ ದಾರಿಯಲ್ಲೇ ತಿರುಗಿ ಒಳಗೆ ನಡೆದಳು. ಪಾದದ ನೋವು ಅಷ್ಟು ಹೊತ್ತು ಮರೆತೇ ಹೋಗಿತ್ತು.

ಗುಡಿಸುವಾಕೆ ನಿಂತಲ್ಲೇ ನಿಂತಿದ್ದಳು.

"ನಾನು ಒಂದು ಮಾತು ಹೇಳ್ತೀನಿ. ಕಣ್ಮುಚ್ಚಿ ಕೇಳು. ಅನುಮತಿಗಳನ್ನು ಈ ಮೂಲಕ ಪ್ರತಿಸಂಹರಿಸಲಾಗಿದೆ."

ಆಕೆಯ ಮುಚ್ಚಿದ ಕಣ್ಣು ಥಟ್ಟನೆ ತೆರೆದುಕೊಂಡವು. "ಅದೇ! ಅದೇ ಅಕ್ಕ. ಈ ಮೂಲಕ ಅಂತಾನೂ ಅಂದ್ರು." ಆಮೇಲೆ ಸ್ವಲ್ಪ ತಡೆದು, "ಹಂಗಂದ್ರೆ ಕೊಲ್ಲೋದಲ್ವಾ?"

"ಅಲ್ಲ. ಚಪ್ಪಲಿ ಹಾಕ್ಕೋ. ಒಂದು ಕಡೆ ಹೋಗ್ಬೇಕು. ಒಬ್ಬರ ದನಿ ಕೇಳಿ, ಅದೇನಾ ಅಂತ ಹೇಳಿದ್ರೆ ಸಾಕು."

ಆಕೆ ಬರಲು ಮನಸ್ಸಿಲ್ಲದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಮತ್ತೆ ತೆಗೆದಳು. ಕೊನೆಗೆ ಮೂಲೆಯಲ್ಲಿದ್ದ ಬಟ್ಟೆಯ ಚೀಲವನ್ನು ಎದೆಗೊತ್ತಿಕೊಂಡು ಜೀಪು ಹತ್ತಿದಳು.

ಸುರಕ್ಷತಾ ಇಲಾಖೆಯ ಕಚೇರಿ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ 'ಅಪಾಯ, ಬಳಸಬೇಡಿ' ಎಂಬ ರಟ್ಟು ನೇತುಹಾಕಿದ್ದರು. ಊರಿನ ಲಿಫ್ಟುಗಳಿಗೆಲ್ಲ ಪ್ರಮಾಣಪತ್ರ ಕೊಡುವ ಕಚೇರಿ ಇದೇ ಎಂದು ದಫೇದಾರ ಮೆಟ್ಟಿಲು ಹತ್ತುವಾಗ ಏದುಸಿರಿನಲ್ಲೇ ನೆನಪಿಸಿದ.

ಮೆಟ್ಟಿಲ ತಿರುವಿನಲ್ಲಿ ಇನ್ಸ್‌ಪೆಕ್ಟರಮ್ಮನ ಫೋನು ಅದುರಿತು. ಮಗಳು.

"ಅಮ್ಮಾ, ಹೊರಟ್ಯಾ?"

"ರಜೆ ಹೋಯ್ತು ಕಣೇ."

ಆ ಕಡೆ ಮಗಳು ಏನನ್ನೋ ಸರಿಸಿ ಕೂತ ಸದ್ದಾಯಿತು. ಆಮೇಲೆ, "ಸರಿ ಬಿಡು. ಡಾಕ್ಟ್ರಿಗೆ ಹೇಳಿ ನಾನೂ ಹೆರಿಗೆ ರದ್ದು ಮಾಡಿಸ್ತೀನಿ."

"ಪ್ರತಿಸಂಹರಿಸು ಅನ್ನು. ಸರ್ಕಾರಿ ಹೆಂಗಸಿನ ಮಗಳು ನೀನು."

ಮಗಳು ನಕ್ಕಳು. ನಗುವಿನ ಕೊನೆ ಸ್ವಲ್ಪ ಒದ್ದೆಯಾಗಿತ್ತು. ಇನ್ಸ್‌ಪೆಕ್ಟರಮ್ಮ ಗೋಡೆಗೆ ಒರಗಿ ನಿಂತು, ಫೋನನ್ನು ಜೇಬಿಗಿಟ್ಟು, ಉಳಿದ ಮೆಟ್ಟಿಲು ಹತ್ತಿದಳು.

ಹಜಾರದಲ್ಲಿ ಟೈಪು ಮಾಡುವ ಹೆಂಗಸು ಇವರನ್ನು ನೋಡಿ ಎದ್ದು ನಿಂತಳು. ಸತ್ತವನ ಮೇಜು ಅವಳ ಪಕ್ಕದಲ್ಲೇ ಇತ್ತು. ಯಾರೋ ಅದರ ಮೇಲೊಂದು ಬಿಳಿ ಬಟ್ಟೆ ಹಾಸಿದ್ದರು.

"ನಮ್ಮ ಮುಖ್ಯ ಸಾಹೇಬರು ಇದಾರೆ. ಆದ್ರೆ ಯಾರ ಹತ್ರಾನೂ ಮಾತಾಡ್ತಿಲ್ಲ," ಎಂದು ಪಿಸುಗುಟ್ಟಿದಳು. "ಸತ್ತ ಹುಡುಗ ಅವರ ಹೆಂಡತಿಯ ತಮ್ಮ ಅಲ್ವಾ. ಬಾಮೈದ ಅನ್ನೋದು ಹೆಸರಿಗೆ, ಸಾಕಿದ ಮಗನ ಥರ."

"ಸಾಹೇಬರಿಗೆ ಇಲ್ಲಿ ಏನೋ ಅಡ್ಡಹೆಸರಿದೆಯಂತಲ್ಲ?"

ಟೈಪಿನಾಕೆ ಬಾಗಿಲ ಕಡೆ ನೋಡಿ, "ನಿಘಂಟು ಸಾಹೇಬರು," ಎಂದಳು. "ಅವರ ಮುಂದೆ ತಪ್ಪಿಯೂ ರದ್ದು ಅನ್ನಬಾರದು. ರದ್ದಾಗೋದು ಬಸ್ಸು, ಮದುವೆ. ನಾವು ಕೊಟ್ಟ ಅನುಮತಿಯನ್ನ ನಾವೇ ಹಿಂದಕ್ಕೆ ತಗೊಂಡ್ರೆ ಅದು ಪ್ರತಿಸಂಹರಣ ಅಂತಾರೆ. ನಾನು ಒಂದ್ಸಲ ರದ್ದು ಅಂತ ಹೊಡೆದಿದ್ದಕ್ಕೆ ಕಾಗದಾನೇ ಹರಿದುಹಾಕಿದ್ರು. ಆ ಪಾಪದ ಹುಡುಗ ಇದನ್ನೇ ಇಟ್ಕೊಂಡು ಅವರನ್ನ ಕಿಚಾಯಿಸ್ತಿದ್ದ. ಭಾವ, ನನ್ನ ಊಟದ ಅನುಮತಿ ಪ್ರತಿಸಂಹರಿಸಿದ್ರಾ ಅಂತ..." ಅವಳು ಪಕ್ಕದ ಮೇಜಿನ ಬಿಳಿ ಬಟ್ಟೆಯ ಅಂಚನ್ನು ಸರಿಮಾಡಿದಳು.

ಇನ್ಸ್‌ಪೆಕ್ಟರಮ್ಮ ದಫೇದಾರನ ಮುಖ ನೋಡಿದಳು. ನಿನ್ನೆ, ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ, ಇದೇ ಸಾಹೇಬರು ಹೇಳಿಕೆ ಕೊಟ್ಟಿದ್ದರು. ಅದನ್ನು ಅವಳು ಇವತ್ತು ಬೆಳಿಗ್ಗೆಯೂ ಓದಿದ್ದಳು. 'ಆ ಕೋಲ್ಡ್ ಸ್ಟೋರೇಜಿನ ಅನುಮತಿ ರದ್ದು ಮಾಡುವ ವಿಚಾರ ಇರಲಿಲ್ಲ. ರದ್ದಿನ ಮಾತು ಯಾರೊಂದಿಗೂ ಆಡಿಲ್ಲ.' ರದ್ದು, ರದ್ದು ಎಂದೇ ಹೇಳಿದ್ದರು. ಜೀವಮಾನವಿಡೀ ಆ ಪದ ಕಂಡರೆ ಮೈಪರಚಿಕೊಳ್ಳುತ್ತಿದ್ದ ಮನುಷ್ಯ.

ಗುಡಿಸುವಾಕೆಯನ್ನು ಸಾಹೇಬರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬಾಗಿಲನ್ನು ಅರ್ಧ ಮಾತ್ರ ಮುಚ್ಚಿ ಇನ್ಸ್‌ಪೆಕ್ಟರಮ್ಮ ಒಳಗೆ ಹೋದಳು.

ಸಾಹೇಬರು ಎದ್ದು ನಮಸ್ಕಾರ ಮಾಡಿದರು. ಕ್ಷೌರ ಕಾಣದ ಗಲ್ಲ. ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳು ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಸಭೆಯಲ್ಲಿ ಮೈಕು ಬೇಡದ ದನಿ. ಅದು ಮಾತ್ರ ಹಾಗೇ ಇತ್ತು.

"ಕೂತ್ಕೊಳ್ಳಿ. ಅವನು ಒಪ್ಪಿಕೊಂಡನಾ?"

"ಯಾರು?"

"ಆ ಮೆಷಿನ್‌ನವನು."

"ಅವನ ವಿಷಯ ಆಮೇಲೆ. ಒಂದು ಪದದ ಅರ್ಥ ಕೇಳೋಣ ಅಂತ ಬಂದೆ." ಅವಳು ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತಳು, ನೆಟ್ಟಗೆ ಕೂರುವ ಶಕ್ತಿ ಇರಲಿಲ್ಲ. "ನೀವು ಒಂದು ಕಾರ್ಖಾನೆಗೆ ಅನುಮತಿ ಕೊಟ್ಟಿರ್ತೀರಿ. ಆಮೇಲೆ ಅಲ್ಲಿ ಅಪಾಯ ಇದೆ ಅಂತ ಗೊತ್ತಾಗುತ್ತೆ. ಕೊಟ್ಟ ಅನುಮತಿನ ವಾಪಸ್ ತಗೋತೀರಿ. ಅದಕ್ಕೆ ಏನಂತಾರೆ?"

"ರದ್ದು."

"ಅಷ್ಟೇನಾ?"

"ಅಷ್ಟೇ."

"ಬೇರೆ ಪದ ಇಲ್ವಾ?"

"ಇರಬಹುದು. ಈಗ ಪದ ಹುಡುಕೋ ಸ್ಥಿತಿಯಲ್ಲಿ ನಾನಿಲ್ಲ." ಅವರ ಬೆರಳು ಗಾಜಿನ ಲೋಟದ ಅಂಚನ್ನು ಸುತ್ತುತ್ತಿತ್ತು. "ನಮ್ಮ ಮನೆಯಲ್ಲಿ ಸಾವಾಗಿದೆ."

"ನಂಗೆ ಗೊತ್ತು. ನನಗೂ ಇವತ್ತು ಒಂದು ಆದೇಶ ಬಂದಿದೆ. ನಮ್ಮ ದಫೇದಾರನಿಗೆ ಓದೋಕಾಗ್ಲಿಲ್ಲ. ನೀವೇ ಸ್ವಲ್ಪ ಓದಿಬಿಡಿ."

ಅವಳು ಕಾಗದ ಮುಂದಿಟ್ಟಳು. ಅವರು ಕಣ್ಣಾಡಿಸಿದರು. ಕಣ್ಣು ಒಂದು ಕಡೆ ತಡವರಿಸಿ ನಿಂತಿತು.

"ನಿಮ್ಮ ರಜೆ ಇಲ್ಲ ಅಂತ ಇದೆ."

"ಇರೋ ಹಾಗೇ ಓದಿ."

"ಮೇಡಂ, ಇದು ತಮಾಷೆಯಾ?"

"ತಮಾಷೆ ಮಾಡೋ ಹಾಗೆ ಕಾಣ್ತೀನಾ? ಮೊನ್ನೆಯಿಂದ ನಾನು ಹಾಸಿಗೆ ಮುಖ ನೋಡಿಲ್ಲ. ಓದಿ ಸಾಹೇಬ್ರೇ. ಬರೀ ಒಂದು ಪದ. ನಿಮ್ಮ ಕಚೇರೀಲಿ ಕಾಗದ ಹರಿದುಹಾಕಿ ಕಲಿಸಿದ ಪದ. ಅದು ಇವತ್ತು ಯಾಕೆ ನಿಮ್ಮ ಗಂಟಲಿಂದ ಹೊರಗೆ ಬರ್ತಿಲ್ಲ?"

ಹಜಾರದಲ್ಲಿ ಟೈಪು ನಿಂತುಹೋಗಿತ್ತು.

"ನಾನು ಹೇಳ್ಲಾ?" ಎಂದಳು ಅವಳು. "ಪೇಪರಿನಲ್ಲಿ ಸಂಹಾರ ಅಂತ ಬಂದಿದ್ದನ್ನ ನೋಡಿದ್ರಿ. ಇಡೀ ಊರು ಅದನ್ನ ಕೊಲೆಗಾರನ ಕೂಗು ಅಂದ್ಕೊಂಡಿತು, ನಾನೂ ಅಂದ್ಕೊಂಡೆ. ಆದ್ರೆ ಅದು ನಿಜವಾಗಿ ಯಾವ ಪದ ಅಂತ ನಿಮಗೊಬ್ಬರಿಗೆ ತಕ್ಷಣ ಗೊತ್ತಾಯ್ತು. ಯಾಕಂದ್ರೆ ಅದು ನಿಮ್ಮ ಬಾಯಿಂದಾನೇ ಬಂದಿತ್ತು. ಅವತ್ತಿನಿಂದ ಆ ಪದ ನುಂಗ್ಕೊಂಡು ಕೂತಿದೀರಿ. ಒಬ್ಬ ಬಡವ ಲಾಕಪ್ಪಿನಲ್ಲಿ ಕೂತಿದಾನೆ. ಆ ಸಂಜೆ ನೀವು ಆ ಬಾಗಿಲ ಹತ್ರ ಇದ್ರಿ."

"ಇಲ್ಲ."

"ಇದ್ರಿ."

"ನಾನು ಅಲ್ಲಿಗೆ ಕಾಲೇ ಇಟ್ಟಿಲ್ಲ!" ಆ ದನಿ ಗೋಡೆಗೆ ಬಡಿದು ವಾಪಸ್ಸಾಯಿತು. ಅವರಿಗೇ ಅದು ಅಳುಕು ತಂದಿತೇನೋ, ಕುಸಿದು ಕೂತರು. "ಇಟ್ಟಿದ್ರೆ ಅವನು ಬದುಕಿರ್ತಿದ್ದ."

ಅವಳು ಕಾದಳು. ಇಷ್ಟು ವರ್ಷದ ಕೆಲಸದಲ್ಲಿ ಅವಳು ಕಲಿತಿದ್ದು ಹೆಚ್ಚೇನಿಲ್ಲ. ಬಾಯಿ ಬಿಡುವ ಹೊತ್ತು ಬಂದವರ ಮುಂದೆ ತಾನು ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಳು.

"ಅವನು ಒಂದು ವರ್ಷದಿಂದ ನನ್ನ ತಲೆ ತಿಂತಿದ್ದ," ಎಂದರು ಸಾಹೇಬರು. "ಭಾವ, ಆ ಜಾಗ ಸರಿಯಿಲ್ಲ. ಒಳಗೆ ಸಿಕ್ಕಿಕೊಂಡ್ರೆ ಬಾಗಿಲು ತೆಗೆಯೋ ಹಿಡಿ ಕೆಲಸ ಮಾಡಲ್ಲ. ಅಪಾಯದ ಗಂಟೆ ಹೊಡೆಯಲ್ಲ. ಅನುಮತಿ ವಾಪಸ್ ತಗೊಳ್ಳಿ ಅಂತ. ನಾನು ನಿಯಮ ನೋಡೋಣ, ನೋಟೀಸು ಕೊಡೋಣ ಅಂತ ತಳ್ಳುತ್ತಾ ಬಂದೆ. ದುಡ್ಡು ತಿಂದಿಲ್ಲ ಮೇಡಂ. ಬರೀ ಸೋಮಾರಿತನ. ಹೆದರಿಕೆ ಅಂದ್ಕೊಳ್ಳಿ. ಅವತ್ತು ಬೆಳಿಗ್ಗೆ ಊಟದ ಮೇಜಿನ ಹತ್ರ ಅವನು ಹೇಳಿದ, ಇವತ್ತು ನಾನೇ ಒಳಗೆ ನಿಂತು ಪರೀಕ್ಷೆ ಮಾಡಿ ವರದಿ ಕೊಡ್ತೀನಿ, ಆಗ ಹೇಗೆ ಸಹಿ ಹಾಕಲ್ಲ ನೋಡ್ತೀನಿ ಅಂತ. ಅವನು ಹೋದಮೇಲೆ ನನಗೇ ನಾಚಿಕೆಯಾಯ್ತು. ಮಧ್ಯಾಹ್ನ ಕೂತು ಸಹಿ ಹಾಕಿದೆ."

"ಹಾಗಾದ್ರೆ ಆದೇಶ ಆಗಿದೆ."

"ಆಗಿದೆ. ಸಂಜೆ ಕಚೇರಿಯ ಫೋನಿನಿಂದ ಅವನಿಗೆ ಫೋನ್ ಮಾಡಿದೆ."

ತಪಾಸಣಾಧಿಕಾರಿಗೆ ಬಂದ ಕೊನೆಯ ಕರೆ ಇಲಾಖೆಯದೇ ಎಂದು ಅವಳಿಗೆ ಗೊತ್ತಿತ್ತು. ಹಾಜರಾತಿ ಕೇಳಲು ಯಾವನೋ ಗುಮಾಸ್ತ ಮಾಡಿದ್ದು ಎಂದು ಇದೇ ಸಾಹೇಬರು ಹೇಳಿಕೆಯಲ್ಲಿ ಬರೆಸಿದ್ದರು. ಸತ್ತವನ ಫೋನು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

"ಏನಂದ್ರಿ ಫೋನಿನಲ್ಲಿ?"

ಅವರು ಕಣ್ಣು ಮುಚ್ಚಿಕೊಂಡರು. ಹೇಳಿದಾಗ ದನಿ ತಾನೇ ತಾನಾಗಿ ಸಭೆಯ ದನಿಯಾಯಿತು, ಅಭ್ಯಾಸಬಲ.

"ಕೇಳಿಸ್ಕೊಳ್ಳಪ್ಪ ಅಧಿಕಾರಿ, ಸದರಿ ಶೈತ್ಯಾಗಾರಕ್ಕೆ ನೀಡಲಾಗಿದ್ದ ಎಲ್ಲ ಅನುಮತಿಗಳನ್ನು ಈ ಮೂಲಕ ಪ್ರತಿಸಂಹರಿಸಲಾಗಿದೆ. ಅಂತ ಪೂರ್ತಿ ಹೇಳಿದೆ. ಅವನು ಆ ಪದ ಇಟ್ಕೊಂಡು ಗೇಲಿ ಮಾಡ್ತಿದ್ನಲ್ಲ, ಅದಕ್ಕೇ ಗಂಭೀರವಾಗಿ ಹೇಳಿದೆ. ನಗ್ತಾನೆ ಅಂತ."

ಹೊರಗಿನ ಬೆಂಚು ಕಿರ್‍ರೆಂದಿತು. ಅರ್ಧ ತೆರೆದ ಬಾಗಿಲಲ್ಲಿ ದಫೇದಾರನ ಮುಖ ಕಂಡಿತು. ಅವನು ಬೆಂಚಿನ ಕಡೆ ನೋಡಿ, ಇತ್ತ ತಿರುಗಿ, ಹೌದೆಂದು ತಲೆಯಾಡಿಸಿದ. ಗುಡಿಸುವಾಕೆ ದನಿ ಗುರುತು ಹಿಡಿದಿದ್ದಳು.

ಅಂದರೆ ಕೊಲೆಗಾರನ ಕೂಗು ಎಂಬುದೇ ಇರಲಿಲ್ಲ. ಮೆಷಿನ್‌ನವನ ಮೇಲಿದ್ದ ಕೇಸು ಆ ಒಂದೇ ಪದದ ಗೂಟಕ್ಕೆ ನೇತುಬಿದ್ದಿತ್ತು. ಅವನ ಅಕ್ಕ ಮೊನ್ನೆಯಿಂದ ಠಾಣೆಯ ಮೆಟ್ಟಿಲ ಮೇಲೆ ಕೂತು, ಬಂದು ಹೋಗುವವರ ಕಾಲು ಹಿಡಿಯುತ್ತಿದ್ದಳು. ಅವಳನ್ನು ದಾಟಿಕೊಂಡು ಹೋಗುವಾಗಲೆಲ್ಲ ಇನ್ಸ್‌ಪೆಕ್ಟರಮ್ಮನಿಗೆ ತನ್ನ ಸಮವಸ್ತ್ರವೇ ಭಾರವಾಗುತ್ತಿತ್ತು.

ಅವಳು ಎದ್ದು ಬಾಗಿಲಿಗೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು. "ಠಾಣೆಗೆ ಫೋನ್ ಮಾಡು. ಮೆಷಿನ್‌ನೋನನ್ನ ಬಿಟ್ಬಿಡೋಕೆ ಹೇಳು. ತಪ್ಪಾಯ್ತು ಅಂತ ಅವನ ಅಕ್ಕನ ಹತ್ರ ಹೇಳ್ಬೇಕು, ಮರೀಬೇಡ."

"ಈಗಲೇನಾ ಮೇಡಂ? ಮೇಲಿನೋರನ್ನ ಒಂದು ಮಾತು..."

"ನಾನಿದೀನಿ. ಮಾಡು."

ದಫೇದಾರ ಫೋನು ತೆಗೆದುಕೊಂಡು ಮೆಟ್ಟಿಲ ಕಡೆ ಹೋದ. ಅವಳಿಗೆ ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು. ಮೊನ್ನೆಯಿಂದ ಅವಳು ಮಾಡಿದ್ದರಲ್ಲಿ ಇದೊಂದೇ ಸರಿಯಾದ ಕೆಲಸ ಅನ್ನಿಸಿತು.

ವಾಪಸ್ ಬಂದು ಕೂತಾಗ ಸಾಹೇಬರು ಅದೇ ಭಂಗಿಯಲ್ಲಿದ್ದರು.

"ನೀವು ಹೇಳಿದ್ದಕ್ಕೆ ಅವನು ನಕ್ಕನಾ?"

"ಇಲ್ಲ." ಅವರು ಲೋಟವನ್ನು ದೂರ ಸರಿಸಿದರು. "ಫೋನಿನಲ್ಲಿ ಢಬ್ ಢಬ್ ಅಂತ ಸದ್ದು ಬಂತು. ಬಾಗಿಲು ಬಡಿಯೋ ಸದ್ದು. ಒಂದೇ ಸಮನೆ. ನಾನೇನಂದ್ಕೊಂಡೆ ಗೊತ್ತಾ ಮೇಡಂ? ಹುಡುಗ ಖುಷಿಗೆ ಅಲ್ಲಿನ ತಗಡು, ಬಾಗಿಲು ಎಲ್ಲ ಬಡೀತಿದಾನೆ ಅಂದ್ಕೊಂಡೆ. ಸಾಕು ಬಾರೋ, ಮನೇಲಿ ಅಕ್ಕ ಕಾಯ್ತಿದಾಳೆ ಅಂತ ನಗ್ತಾ ಹೇಳ್ದೆ. ನಾನು ನಗ್ತಿದ್ದೆ. ಅವನು ಸಾಯ್ತಿದ್ದ."

ಇನ್ಸ್‌ಪೆಕ್ಟರಮ್ಮ ರಜೆಯ ಕಾಗದವನ್ನು ಮಡಚಿ ಜೇಬಿಗಿಟ್ಟಳು.

"ಇದನ್ನ ನನ್ನ ಹೆಂಡತಿಗೆ ಹೇಗೆ ಹೇಳ್ಲಿ? ನಿನ್ನ ತಮ್ಮ ಬಾಗಿಲು ಬಡಿಯೋದು ಕೇಳಿಸ್ತು, ನಾನು ನಕ್ಕು ಫೋನ್ ಇಟ್ಟೆ ಅಂತಲಾ? ನಿನ್ನೆ ನೀವು ಕೇಳಿದಾಗ ಇಲ್ಲ ಅಂದೆ. ಒಂದು ಸಲ ಇಲ್ಲ ಅಂದಮೇಲೆ, ಇಲ್ಲ ಅಂತಾನೇ ಹೇಳ್ತಾ ಹೋಗ್ಬೇಕಾಯ್ತು. ಆದೇಶವನ್ನೂ ಹೊರಗೆ ಬಿಡಲಿಲ್ಲ."

"ಅಂದ್ರೆ ಆ ಕೋಣೆಗಳಿಗೆ ಇವತ್ತೂ ನಿಮ್ಮ ಅನುಮತಿ ಇದೆ. ಇವತ್ತೂ ಅಲ್ಲಿ ಜನ ಒಳಗೆ ಹೋಗ್ತಿದ್ದಾರೆ."

ಅವರು ತಲೆ ತಗ್ಗಿಸಿದರು. ಆಮೇಲೆ ಗಂಟೆ ಒತ್ತಲು ಕೈ ಚಾಚಿದವರು, ಅದನ್ನು ಬಿಟ್ಟು ತಾವೇ ಎದ್ದರು. ಮೇಜಿನ ಖಾನೆಯಿಂದ ಕಾಗದ ತೆಗೆದು ಬಾಗಿಲ ತನಕ ಹೋಗಿ ಟೈಪಿನ ಹೆಂಗಸನ್ನು ಕರೆದು ಕೊಟ್ಟರು. "ಈಗಲೇ ಕಳಿಸಿ. ಈಗಲೇ."

ಹಿಂತಿರುಗಿ ಬರುವಾಗ ಇನ್ಸ್‌ಪೆಕ್ಟರಮ್ಮನ ಪ್ರಶ್ನೆ ಕಾದಿತ್ತು. "ಬಾಗಿಲು ಒಳಗಿನಿಂದ ಬಡೀತಿದ್ದ ಅಂದ್ರಿ. ನೀವು ಮಾತಾಡಿದ್ದು ಅವನ ಫೋನಿಗೆ. ಫೋನು ಅವನ ಕೈಯಲ್ಲೇ ಇದ್ದಿದ್ರೆ ಬಾಗಿಲು ಯಾಕೆ ಬಡೀತಿದ್ದ? ನಿಮ್ಮ ಹತ್ರಾನೇ ಭಾವ ಬನ್ನಿ ಅಂತಿದ್ದ."

ಸಾಹೇಬರು ಕೋಣೆಯ ನಡುವೆಯೇ ನಿಂತುಬಿಟ್ಟರು.

"ಫೋನ್ ಎತ್ತಿದ್ದು ಅವನಾ?" ಎಂದಳು.

"ಅಲ್ಲ," ಎಂದರು ಅವರು, ತಮಗೇ ಈಗ ಹೊಳೆದಂತೆ. "ಎತ್ತಿದೋರು ಹಲೋ ಅನ್ನೋದಕ್ಕೂ ನಾನು ಕಾಯಲಿಲ್ಲ, ಹೇಳ್ಬೇಕಾಗಿದ್ದು ಹೇಳಿಬಿಟ್ಟೆ. ಆ ಕಡೆಯಿಂದ ಒಂದೇ ಮಾತು ಬಂತು. ಸರಿ ಸರ್ ಅಂತ. ಹೆಂಗಸಿನ ದನಿ. ಅವನ ಪಕ್ಕದಲ್ಲಿದ್ದೋರು ಯಾರೋ ಅಂದ್ಕೊಂಡು ಮರೆತೆ."

ಹೊರಗೆ ಜವಾನ ಯಾರಿಗೋ ಹೇಳುತ್ತಿದ್ದ. "ಕಾಲು ಸ್ವಲ್ಪ ಆ ಕಡೆ ತಗೊಳಮ್ಮ, ಓಡಾಡೋ ಜಾಗ."

"ಸರಿ ಸರ್."

ಸಾಹೇಬರು ಬೆರಳೆತ್ತಿ ಬಾಗಿಲ ಕಡೆ ತೋರಿಸಿದರು.

ಇನ್ಸ್‌ಪೆಕ್ಟರಮ್ಮ ಬಾಗಿಲು ತೆಗೆದಾಗ ಗುಡಿಸುವಾಕೆ ಎದ್ದು ನಿಂತಿದ್ದಳು. ಓಡುವ ಲಕ್ಷಣವಿರಲಿಲ್ಲ. ಒಳಗಿನ ಮಾತೆಲ್ಲ ಕೇಳಿಸಿಕೊಂಡ ಮುಖ. ಬಟ್ಟೆಯ ಚೀಲಕ್ಕೆ ಕೈ ಹಾಕಿ, ಒರೆಸುಬಟ್ಟೆಯಲ್ಲಿ ಸುತ್ತಿದ್ದ ಫೋನೊಂದನ್ನು ತೆಗೆದು ಇನ್ಸ್‌ಪೆಕ್ಟರಮ್ಮನ ಕೈಯಲ್ಲಿಟ್ಟಳು.

"ನಾನು ಕದ್ದಿಲ್ಲ ಅಕ್ಕ. ಅವರೇ ಕೊಟ್ಟಿದ್ದು. ಒಳಗಿನ ಚಳೀಲಿ ಕೆಟ್ಟೋಗುತ್ತೆ, ಹಿಡ್ಕೊಂಡಿರು ಅಂದ್ರು. ಬಾಗಿಲು ಹಾಕು, ಗಂಟೆ ಬಾರಿಸಿದ್ರೆ ತೆಗಿ, ಬಾರಿಸ್ದಿದ್ರೆ ಸ್ವಲ್ಪ ಹೊತ್ತು ನೋಡಿ ನೀನೇ ತೆಗಿ ಅಂದ್ರು. ಚಿಲಕ ಹಾಕಿದ್ದು ನಾನೇ."

"ತೆಗೀಲಿಲ್ಲ ಯಾಕೆ?"

"ಫೋನ್ ಬಡ್ಕೊಳ್ತು. ಯಾವುದೋ ಗುಂಡಿ ಒತ್ತಿದೆ. ದೊಡ್ಡ ದನಿ, ಸಂಹಾರ ಅಂತು. ಬಾಯಿಗೆ ಬಂದಿದ್ದು ಅಂದುಬಿಟ್ಟೆ, ಸರಿ ಸರ್ ಅಂತ. ಅದೇ ಹೊತ್ತಿಗೆ ಒಳಗಿಂದ ಬಡಿಯೋ ಸದ್ದು. ಯಾರೋ ಸಾಹೇಬರನ್ನ ಕೊಲ್ಲೋಕೆ ಬರ್ತಿದಾರೆ ಅಂದ್ಕೊಂಡೆ. ಕಾವಲುಗಾರನ್ನ ಕರ್ಕೊಂಡು ಬರೋಣ ಅಂತ ಗೇಟಿಗೆ ಓಡಿದೆ. ಅವನು ಅಲ್ಲಿರಲಿಲ್ಲ. ವಾಪಸ್ ಬಂದು ನೋಡಿದ್ರೆ..." ಆಕೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಚಿಲಕದ ಮೇಲೆ ಬೀಗ ಇತ್ತು ಅಕ್ಕ. ಪರೀಕ್ಷೆಗೆ ಅಂತ ನಿಲ್ಸಿದ್ದ, ಚಳಿ ಹಾಕೋ ಮೋಟಾರು ಮತ್ತೆ ಓಡ್ತಿತ್ತು. ಆ ಗದ್ದಲದಲ್ಲಿ ಒಳಗಿನ ಸದ್ದು ಏನೂ ಕೇಳಿಸ್ಲಿಲ್ಲ."

"ಬೀಗ? ಬೆಳಿಗ್ಗೆ ಬೀಗ ಇರ್ಲಿಲ್ಲ."

"ಇರ್ಲಿಲ್ಲ. ಸಂಜೆ ಇತ್ತು. ಬೀಗ ಹಾಕಿದಾರೆ ಅಂದ್ರೆ ಸಾಹೇಬ್ರು ಹೊರಗೆ ಬಂದು ಹೋಗಿರ್ತಾರೆ ಅಂತ ಸಮಾಧಾನ ಮಾಡ್ಕೊಂಡೆ. ಫೋನ್ ಬೆಳಿಗ್ಗೆ ಕೊಟ್ರಾಯ್ತು ಅಂದ್ಕೊಂಡೆ." ಈಗ ಮೊದಲ ಸಲ ಆಕೆಯ ಕಣ್ಣಲ್ಲಿ ನೀರು ತುಂಬಿತು. "ಬೆಳಿಗ್ಗೆ ಹೆಣ ನೋಡ್ದೆ."

"ಬೀಗ ಹಾಕಿದ್ದು ಯಾರು? ನೋಡಿದ್ಯಾ?"

"ನಾನು ನೋಡಿಲ್ಲ. ನನ್ನ ಮಗಳು ನೋಡಿದ್ಲು. ನಮ್ಮ ಕೋಣೆ ಮೆಷಿನ್ ಮನೆ ಹಿಂದೇನೇ ಇರೋದು. ಅವಳು ಬಟ್ಟೆ ಒಣಗಿ ಹಾಕ್ತಿದ್ಲು. ಮೆಷಿನ್‌ನೋನೇ ಬಂದು ಬೀಗ ಜಡಿದ. ಒಳಗಿಂದ ಬಡಿಯೋದು ಕೇಳಿಸ್ಕೊಂಡು, ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಗಿ ಮೋಟಾರು ಹಾಕಿದ. ತಿರುಗಿ ನೋಡಿದಾಗ ಇವಳು ಕಂಡ್ಲು. ಬಾಯಿ ಬಿಟ್ರೆ ನಿನ್ನನ್ನೂ ಅಲ್ಲೇ ಹಾಕ್ತೀನಿ ಅಂದನಂತೆ."

"ಇದನ್ನ ಯಾಕಮ್ಮ ಮೊದಲೇ ಹೇಳ್ಲಿಲ್ಲ?"

"ನೀವು ಅವನನ್ನೇ ಹಿಡ್ಕೊಂಡು ಹೋದ್ರಲ್ಲ! ಹೇಗೂ ಒಳಗಿದಾನೆ, ನನ್ನ ಮಗಳ ಹೆಸರು ಯಾಕೆ ಹೊರಗೆ ಬರ್ಬೇಕು ಅಂತ ಸುಮ್ನಿದ್ದೆ. ಎರಡು ದಿನದಿಂದ ನಾನೂ ಅವಳೂ ನೆಮ್ಮದಿಯಾಗಿ ನಿದ್ದೆ ಮಾಡ್ತಿದೀವಿ."

ಮೆಟ್ಟಿಲ ಕಡೆಯಿಂದ ದಫೇದಾರ ಬಂದ. ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ಮುಖ.

"ಆಯ್ತು ಮೇಡಂ. ಅವನ ಅಕ್ಕ ಕಾಲಿಗೇ ಬಿದ್ಲಂತೆ. ಅವನು ಮಾತ್ರ ಅವಳ ಜೊತೆ ಹೋಗ್ಲಿಲ್ಲವಂತೆ. ಮೆಷಿನ್ ಮನೇಲಿ ಏನೋ ಕೆಲಸ ಬಾಕಿ ಇದೆ ಅಂತ ಆಟೋ ಹತ್ತಿ ಹೋದನಂತೆ."

ಗುಡಿಸುವಾಕೆ ದಫೇದಾರನ ಮುಖ ನೋಡಿದಳು, ಆಮೇಲೆ ಇನ್ಸ್‌ಪೆಕ್ಟರಮ್ಮನ ಮುಖ. ಖಾಲಿಯಾದ ಚೀಲ ಆಕೆಯ ಕೈಯಿಂದ ಜಾರಿತು.

"ಯಾರು ಹೋಗಿದ್ದು, ಅಕ್ಕ?" ಎಂದಳು. "ಮನೇಲಿ ನನ್ನ ಮಗಳು ಒಬ್ಬಳೇ ಇದಾಳೆ."